ತವರೂರು, ಶೇಕಡಾ ತೊಂಬತ್ತೆರಡು

ಬೀದಿಯವರೆಲ್ಲ ಅವಳನ್ನು ಬಸವನಹುಳು ಅಕ್ಕ ಎಂದೇ ಕರೆಯುತ್ತಿದ್ದರು. ಸಂಗ್ರಹಾಲಯದ ಮೇಲಿನ ಮಹಡಿಯಲ್ಲಿ, ಕಿಟಕಿ ಸರಿಯಾಗಿ ಮುಚ್ಚದ ಕೋಣೆಯೊಂದರಲ್ಲಿ ಕೂತು ಅವಳು ಸಾಫ್ಟ್‌ವೇರ್ ಬರೆಯುತ್ತಿದ್ದಳು. ಇಂದಿನ ಬಸವನಹುಳುಗಳು ಎಲ್ಲೆಲ್ಲಿವೆ, ಯಾವುದಕ್ಕೆ ಯಾವುದು ನೆಂಟ ಎಂದು ತಿಳಿಸಿದರೆ ಸಾಕು, ಅವುಗಳ ಮುತ್ತಜ್ಜಿಯ ಮುತ್ತಜ್ಜಿ ಎಲ್ಲಿ ಬದುಕಿದ್ದಳೆಂದು ಅದು ಲೆಕ್ಕ ಹಾಕಿ ಹೇಳುತ್ತಿತ್ತು. ಆ ಮುತ್ತಜ್ಜಿ ಎದ್ದು ಬಂದು ಅಲ್ಲಗಳೆಯುವ ಭಯವಿಲ್ಲದ್ದರಿಂದ ಕೆಲಸ ಸುಸೂತ್ರವಾಗಿ ನಡೆದಿತ್ತು.

ಒಂದು ಭಾನುವಾರ ಮನೆಯಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದ ಅವಳ ಅಜ್ಜಿ, "ಹುಳದ ಊರು ಹೇಳೋದಿರ್ಲಿ, ನನ್ನ ಊರು ಹೇಳ್ಲಿ ನೋಡೋಣ" ಎಂದಳು.

ಅವಳು ಅಜ್ಜಿಯ ಮಕ್ಕಳು ಮೊಮ್ಮಕ್ಕಳು ಈಗಿರುವ ಊರುಗಳನ್ನೆಲ್ಲ ಆ ಸಾಫ್ಟ್‌ವೇರ್‌ಗೆ ತುಂಬಿದಳು. ಹೆಚ್ಚು ಮೊಮ್ಮಕ್ಕಳಿದ್ದದ್ದು ಕಿರಿಯ ಅಳಿಯನ ಊರಿನಲ್ಲಿ. ಅಜ್ಜಿ ಹುಟ್ಟಿದ್ದೂ ಅಲ್ಲೇ, ಶೇಕಡಾ ತೊಂಬತ್ತೆರಡು ಖಚಿತ ಎಂದಿತು ಕಂಪ್ಯೂಟರ್.

"ಆ ಜಿಪುಣನ ಊರಲ್ಲಾ?" ಮದುವೆಯ ದಿನದಿಂದಲೂ ಆ ಅಳಿಯನೊಡನೆ ಮಾತು ಬಿಟ್ಟಿದ್ದ ಅಜ್ಜಿ ಕೆಂಡವಾದಳು. "ಅಲ್ಲಿಗೆ ನಾನು ಕಾಲೂ ಇಟ್ಟಿಲ್ಲ! ನನ್ನ ಹಳ್ಳಿ ಅಣೆಕಟ್ಟಿನ ನೀರಲ್ಲಿ ಮುಳುಗಿದೆ ಅಂತ ನಿಂಗೊತ್ತಿಲ್ವಾ?"

"ಗೊತ್ತಜ್ಜಿ. ಆದ್ರೆ ಅಲ್ಲಿ ಈಗ ನಮ್ಮೋರು ಯಾರೂ ಇಲ್ವಲ್ಲ. ಯಾರೂ ಉಳೀದೇ ಇರೋ ಊರು ಇದರ ಲೆಕ್ಕಕ್ಕೇ ಬರಲ್ಲ."

ಅಜ್ಜಿ ಇನ್ನೊಂದು ಬಟಾಣಿ ಬಿಡಿಸಿದಳು.

"ಅಣೆಕಟ್ಟಿಗೆ ಅಂತ ನಮ್ಮನ್ನೆಲ್ಲ ಎಬ್ಬಿಸಿ ಊರು ಖಾಲಿ ಮಾಡಿಸಿದ್ನಲ್ಲ, ಆ ಸಾಹೇಬನೂ ಆಮೇಲೆ ಇದನ್ನೇ ಹೇಳಿದ್ದ," ಎಂದಳು. "ಕಂಪ್ಯೂಟರ್ ಇಲ್ದೇನೇ ಹೇಳಿದ್ದ."