ಪಾಡ್ಯದ ಮಜ್ಜಿಗೆ

ನನ್ನ ಕೈಬರಹ ಮುತ್ತಿನಂತಿದೆ ಎಂದು ಯಾರಾದರೂ ಹೊಗಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಆ ಅಕ್ಷರದಲ್ಲೇ ನಾನೊಂದು ಹೊಲಸು ಕೆಲಸ ಮಾಡಿದ್ದೇನೆ.

ಏಕೀಕರಣವಾದ ಹೊಸತು. ಸೊರಬದ ಕಡೆಯವನಾದ ನಾನು ಬಂದಳಿಕೆಯ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದೆ. ಅಲ್ಲಿ ಕುರಿ ಸಾಕುವ ಅಜ್ಜನೊಬ್ಬನ ಹೊಲದಲ್ಲಿ ವೀರಗಲ್ಲಿತ್ತು. ದನ ಬಿಡಿಸಿಕೊಳ್ಳಲು ಹೋಗಿ ಸತ್ತ ತಮ್ಮ ಹಿರೀಕನ ಕಲ್ಲು ಎಂದು ಅವನ ಮನೆಯವರು ದೀಪಾವಳಿ ಪಾಡ್ಯದಂದು ಅದಕ್ಕೆ ಎಣ್ಣೆ ಹಚ್ಚಿ ಪೂಜೆ ಮಾಡುತ್ತಿದ್ದರು. ದನ ಹೊಡೆದುಕೊಂಡು ಹೋದದ್ದು ರಾಜನ ದಂಡಂತೆ. ಹಾಗಾಗಿ ಆ ದಿನ ಸರ್ಕಾರದ ಸಂಬಳ ತಿನ್ನುವವರಿಗೆ ಆ ಮನೆಯಲ್ಲಿ ತೊಟ್ಟು ಮಜ್ಜಿಗೆಯೂ ಇಲ್ಲ. ಮೊದಲ ವರ್ಷ ಅಜ್ಜ ನನ್ನನ್ನೂ, ನಾಳೆ ಬನ್ನಿ ಎಂದು ನಗುತ್ತಲೇ ವಾಪಸು ಕಳಿಸಿದ್ದ.

ನನಗೆ ಹಳೆಯ ಲಿಪಿ ತಕ್ಕಮಟ್ಟಿಗೆ ಬರುತ್ತಿತ್ತು. ಕಲ್ಲು ತೊಳೆದು ಓದಿದೆ. ಆ ಮನೆಯವರು ಹೇಳುತ್ತಿದ್ದುದೇ ಅದರಲ್ಲಿತ್ತು. ದಂಡು ನಮ್ಮದೇ ಕನ್ನಡದ ರಾಜನದು. ಅಜ್ಜನಿಗೆ ಗೊತ್ತಿರುವುದೇ ಅಲ್ಲವೇ ಎಂದು ಅವನಿಗೆ ಓದಿ ಹೇಳಿರಲಿಲ್ಲ.

ಮರುವರ್ಷ ಪಾಡ್ಯವೂ ರಾಜ್ಯೋತ್ಸವವೂ ಒಂದೇ ದಿನ ಬಂದವು. ಮೇಲಿನಿಂದ ಬಂದ ಸಾಹೇಬರೊಬ್ಬರಿಗೆ ಉತ್ಸವಕ್ಕೆ ಆ ರಾಜನ ಹೆಸರಿನ ಕಮಾನು ಬೇಕಿತ್ತು, ಅವನಿಗಾಗಿ ಸತ್ತ ವೀರನೂ ಬೇಕಿತ್ತು. ನಾನು ಶಾಸನ ಓದಿ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡರು. ಹೊಸ ರಾಜ್ಯಕ್ಕೆ ಹಳೇ ದನದ ಜಗಳ ಯಾಕೆ, ಆಗಲೂ ಎಲ್ಲರೂ ಒಂದೇ ಆಗಿದ್ದೆವು ಅಂತ ಬರೆಯಿರಿ ಎಂದರು. ನಿಮ್ಮೂರ ಕಡೆಗೆ ವರ್ಗ ಕೇಳಿದ್ದೀರಂತಲ್ಲ ಎಂದೂ ಸೇರಿಸಿದರು. ಕನ್ನಡ ನಾಡಿಗಾಗಿ ಅರಸನ ದಂಡಿನಲ್ಲಿ ಹೋರಾಡಿ ಮಡಿದ ವೀರ ಎಂದು, ಕಲ್ಲಿನ ಪಕ್ಕ ನಿಲ್ಲಿಸುವ ಹಲಗೆಯ ಮೇಲೆ ಬರೆದೆ. ಥೂ, ಅದನ್ನೂ ದುಂಡಗೆ ಬರೆದೆ.

ಅಜ್ಜನಿಗೆ ಓದು ಬರುತ್ತಿರಲಿಲ್ಲ. ಹಲಗೆಯಲ್ಲಿದ್ದುದನ್ನು ಸಾಹೇಬರು ಭಾಷಣದಲ್ಲಿ ಹೇಳಿದಾಗಲೇ ಅವನಿಗೆ ತಿಳಿದದ್ದು. ಭಾಷಣ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

“ನಮ್ ಹಿರೇರು ರಾಜನ್ ದಂಡೇ ಕೊಂದಿದ್ದು ಅಂತಿದ್ರು. ಕಲ್ನಾಗೆ ಏನ್ ಬರ್ದೈತಿ, ನೀವೇ ಹೇಳ್ರೀ ಮೇಷ್ಟ್ರೇ. ನೀವು ಹೇಳಿದ್ರೆ ನಂಬ್ತೀನಿ.”

ಸಾಹೇಬರು ಎರಡು ಮಾರು ದೂರದಲ್ಲಿ ನಿಂತಿದ್ದರು.

“ಹಲಗೇಲಿರೋದೇ ಕಲ್ಲಲ್ಲೂ ಇದೆ ಅಜ್ಜ,” ಎಂದೆ.

ಅವನು ಕಲ್ಲಿನ ಕಡೆ ನೋಡಿದ. ಇಷ್ಟು ತಲೆಮಾರು ಸುಮ್ಮಸುಮ್ಮನೆ ಸರ್ಕಾರದವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆವಲ್ಲ ಎಂದು ನೊಂದುಕೊಂಡ. ಮನೆಯಿಂದ ಮಜ್ಜಿಗೆ ತರಿಸಿದ. ಮೊದಲು ಸಾಹೇಬರಿಗೆ ಕೊಟ್ಟ, ಆಮೇಲೆ ನನಗೆ. ತಪ್ಪು ಮಾಡಿದವನ ಹಾಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ನಾನು ಕುಡಿದೆ. ಇನ್ನೊಂದು ಲೋಟ ಕೊಟ್ಟ. ಅದನ್ನೂ ಕುಡಿದೆ.