ದಾರಿಯೋ ಬದುವೋ

ಬೆಳಗಿನ ಓಟ ಮುಗಿಸಿ ಬಂದು, ಬಾಡಿಗೆ ಮನೆಯ ಜಗಲಿಯ ಮೇಲೆ ಕುಳಿತು, ಕಾಲುಚೀಲಕ್ಕೆ ಅಂಟಿಕೊಂಡ ಉತ್ತರಾಣಿ ಬೀಜಗಳನ್ನು ಒಂದೊಂದಾಗಿ ಬಿಡಿಸುವುದು ಈಚೆಗೆ ನನಗೆ ಕಾಫಿಯಷ್ಟೇ ಅನಿವಾರ್ಯವಾದ ಅಭ್ಯಾಸ. ಹೆಸರಿನಲ್ಲೇ ಉತ್ತರವನ್ನು ಇಟ್ಟುಕೊಂಡಿರುವ ಈ ಗಿಡ ನಮ್ಮ ಕಾಲಿಗೆ ಅಂಟಿಸಿ ಕಳಿಸುವುದು ಮಾತ್ರ ಪ್ರಶ್ನೆಗಳನ್ನೇ: ಎಲ್ಲಿಗೆ ಹೋಗಿದ್ದೆ, ಯಾರ ಹೊಲ ತುಳಿದೆ, ಯಾರನ್ನು ಕೇಳಿ ತುಳಿದೆ? ಬಹಳ ಕಾಲ ನಾನು ಆ ಪ್ರಶ್ನೆಗಳನ್ನೂ ಬೀಜಗಳ ಜೊತೆಗೇ ಅಂಗಳಕ್ಕೆ ಎಸೆದು ಸ್ನಾನಕ್ಕೆ ಹೋಗುತ್ತಿದ್ದೆ. ಹಾಗೆ ಎಸೆಯಲಾಗದ ಒಂದು ಪ್ರಸಂಗವನ್ನು ನಿಮಗೆ ಹೇಳಬೇಕಾಗಿದೆ. ಹೇಳುತ್ತಾ ಹೋದರೆ ನನಗೂ ಸ್ವಲ್ಪ ಸ್ಪಷ್ಟವಾದೀತೇನೋ ಎಂಬ ಆಸೆ.

ನಾನು ದೊಡ್ಡಬೆಳವಂಗಲದ ಆಚೆಗಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ಚಿಕ್ಕಂದಿನಲ್ಲಿ ಖೋಖೋ ಆಡಿ ಬಿಟ್ಟ ಕಾಲುಗಳು, ವರ್ಗವಾಗಿ ಈ ಊರಿಗೆ ಬಂದ ಮೇಲೆ, ಕೆಂಪು ಮಣ್ಣನ್ನು ಕಂಡದ್ದೇ ತಡ, ವಯಸ್ಸನ್ನು ಲೆಕ್ಕಿಸದೆ ಓಡಲು ಶುರುಮಾಡಿದವು. ಊರಿನವರಿಗೆ ಮೊದಮೊದಲು ಇದು ಗಾಬರಿಯ ವಿಷಯ. ಹೆಂಗಸೊಬ್ಬಳು ಬೆಳ್ಳಂಬೆಳಿಗ್ಗೆ ಓಡುತ್ತಿದ್ದಾಳೆಂದರೆ ಒಂದೋ ಬಸ್ಸು ತಪ್ಪುತ್ತಿರಬೇಕು, ಇಲ್ಲವೇ ಯಾರಿಗೋ ಏನೋ ಆಗಿರಬೇಕು. "ಯಾಕ್ ಟೀಚರಮ್ಮ, ಏನಾಯ್ತು? ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಾವ್ರಾ?" ಎಂದು ಡೈರಿಯ ಮುಂದೆ ಹಾಲು ಹಾಕಲು ನಿಂತವರು ಕೇಳುತ್ತಿದ್ದರು. ಏನೂ ಇಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದರೆ ಗಾಬರಿ ಇನ್ನೂ ಹೆಚ್ಚುತ್ತಿತ್ತು. ಕಾರಣವಿದ್ದು ಓಡುವವರನ್ನು ಹಿಡಿದು ನಿಲ್ಲಿಸಬಹುದು. ಸುಮ್ಮನೆ ಓಡುವವರನ್ನು ಏನು ಮಾಡುವುದು?

ನನ್ನ ಹಾದಿ ಎಂದರೆ ಡೈರಿ ದಾಟಿ ಕೆರೆ ಏರಿ, ಏರಿ ಇಳಿದರೆ ನೀಲಗಿರಿ ತೋಪು. ಒಣಗಿದ ಎಲೆಗಳು ಪಾದದ ಕೆಳಗೆ ಹಪ್ಪಳದಂತೆ ಮುರಿಯುವ, ನವಿಲು ಎದುರಾದರೆ ಯಾರು ಮೊದಲು ಹೆದರಬೇಕೆಂದು ಇಬ್ಬರೂ ಒಂದು ಕ್ಷಣ ಯೋಚಿಸುವ ತೋಪು ಅದು. ತೋಪು ಮುಗಿದಲ್ಲಿ ಮಂಜುನಾಥನ ರಾಗಿ ಹೊಲ. ಅದರ ಬದುವಿನ ಮೇಲೆ ಒಬ್ಬರು ನಡೆಯುವಷ್ಟು ಅಗಲದ ಕೆಂಪು ಗೆರೆ. ಗೆರೆಯ ಕೊನೆಗೆ ನಂಜಮ್ಮನ ಮನೆ. ಅಲ್ಲಿಂದ ಒಂದು ಹಳ್ಳ ಇಳಿದು ಹತ್ತಿ, ಗುಂಡುತೋಪಿನ ಹುಣಿಸೆಮರಗಳ ಕೆಳಗೆ ಹಾದು ಮತ್ತೆ ಊರು.

ನಂಜಮ್ಮ ಗಂಡನಿಲ್ಲದ ಹೆಂಗಸು; ಎರಡು ಹಸುಗಳನ್ನು ನೆಚ್ಚಿಕೊಂಡ ಬದುಕು. ಮಂಜುನಾಥ ಅವಳ ಭಾವನ ಮಗ, ದೊಡ್ಡಬಳ್ಳಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಾ ಉಳಿದ ಹೊತ್ತಿನಲ್ಲಿ ಹೊಲ ನೋಡಿಕೊಳ್ಳುವವನು. ರಾಗಿ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ಬದುವಿನ ಉದ್ದಕ್ಕೂ ಕಲ್ಲುಕಂಬಗಳು ಮಲಗಿದ್ದವು, ಪಕ್ಕದಲ್ಲಿ ಮುಳ್ಳುತಂತಿಯ ಸುರುಳಿ.

"ಸೀಬೆ ಗಿಡ ಹಾಕ್ತಾ ಇದೀನಿ ಟೀಚರಮ್ಮ. ನಾಳೆಯಿಂದ ಈ ಕಡೆ ಬರ್ಬೇಡಿ, ತಂತಿ ಎಳೀತೀನಿ" ಎಂದ ಮಂಜುನಾಥ, ಬಹಳ ಮರ್ಯಾದೆಯಿಂದ. ನಾನೂ ಅಷ್ಟೇ ಮರ್ಯಾದೆಯಿಂದ ಆಗಲಿ ಎಂದೆ. ಅವನ ಹೊಲ, ಅವನ ಬೇಲಿ. ಓಡಲು ನನಗೆ ಬೇರೆ ಕಡೆ ಭೂಮಿ ಇಲ್ಲವೇ?

ಅಂದು ಸಂಜೆ ನಂಜಮ್ಮ ಚೊಂಬಿನ ತುಂಬ ಹಾಲು ಹಿಡಿದು ನನ್ನ ಜಗಲಿಗೆ ಬಂದಳು. ಅವಳಿಗೆ ಡೈರಿಗೆ ಹೋಗಲು ಆ ಬದುವೇ ದಾರಿ. ಗುಂಡುತೋಪಿನ ಕಡೆಯಿಂದ ಸುತ್ತಿಬರಬಹುದು, ಆದರೆ ಹಳ್ಳ ಇಳಿಯಬೇಕು. ಹೋದ ಮಳೆಗಾಲದಲ್ಲಿ ಅಲ್ಲೇ ಜಾರಿ ಬಿದ್ದು ಅವಳು ಬಹಳ ದಿನ ಕೈಗೆ ಕಟ್ಟು ಹಾಕಿಕೊಂಡಿದ್ದಳು.

"ನೀವ್ ಒಂದ್ ಮಾತ್ ಹೇಳ್ಬೇಕು ಕಣಮ್ಮ. ನಾವ್ ನಾವೇ ಹೇಳಿದ್ರೆ ದಾಯಾದಿ ಜಗಳ ಅಂತಾರೆ. ನೀವು ಹೊರಗಿನೋರು, ದಿನಾ ಅಲ್ಲೇ ಓಡ್ತೀರಿ. ಅಲ್ಲಿ ದಾರಿ ಐತೆ ಅಂತ ಅಂದ್ಬಿಡಿ, ಸಾಕು."

ಅವಳು ಹೋದ ಮಾರನೆಯ ದಿನ ಶಾಲೆಯ ಗೇಟಿನ ಹತ್ತಿರ ಮಂಜುನಾಥ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಟೀಚರಮ್ಮ, ನಮ್ಮಪ್ಪನ ಕಾಲದಲ್ಲಿ ಅದು ಬರೀ ಬದು. ಚಿಕ್ಕವ್ವ ಹುಲ್ಲು ಕುಯ್ಯೋಕ್ ಬರೋಳು, ಬೇಡ ಅಂದೋರಲ್ಲ ನಾವು. ನೀವ್ ಓಡಿ ಓಡೀನೇ ಅದು ದಾರಿ ಥರ ಕಾಣೋದು. ಇವತ್ತು ದಾರಿ ಅಂತ ಒಪ್ಕೊಂಡ್ರೆ, ನಾಳೆ ಹಿಂದಿನ ಜಮೀನು ತಗೊಳ್ಳೋನು ಸೈಟು ಮಾಡ್ತೀನಿ ಅಂತ ಜೆಸಿಬಿ ತಂದು ನಿಲ್ಲಿಸ್ತಾನೆ. ಆಗ ನನ್ನ ಹೊಲ ಎರಡು ಹೋಳು. ಚಿಕ್ಕವ್ವಂಗೆ ಇದು ಅರ್ಥ ಆಗಲ್ಲ."

ಆ ದಿನದಿಂದ ನನ್ನ ತಲೆ ಕೆಟ್ಟಿತು ನೋಡಿ. ದಾರಿಯಿತ್ತೆಂದು ನಾನು ಓಡಿದೆನೋ, ನಾನು ಓಡಿದ್ದರಿಂದ ದಾರಿಯಾಯಿತೋ? 'ದಾರಿ ಸವೆಯಿತು' ಎಂಬ ವಾಕ್ಯದಲ್ಲಿ ಸವೆಸಿದವರು ಯಾರೆಂದು ಹತ್ತನೆಯ ತರಗತಿಯ ಮುಂದೆ ನಿಂತು ನನ್ನಷ್ಟಕ್ಕೆ ಯೋಚಿಸುತ್ತಿದ್ದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೊದಲ ದಿನ ಅಲ್ಲಿ ಏನಿತ್ತೆಂದು ನೆನೆಸಿಕೊಳ್ಳಲು ಕುಳಿತರೆ, ನಂಜಮ್ಮನ ಮುಖ ಕಣ್ಣಮುಂದೆ ಬಂದಾಗ ಕೆಂಪು ಗೆರೆ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಮಂಜುನಾಥನ ಮಾತು ನೆನಪಾದರೆ ಅದೇ ಜಾಗದಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆದು ನಿಲ್ಲುತ್ತಿತ್ತು. ನೆನಪು ನಮ್ಮದು, ನಮ್ಮ ಮಾತು ಕೇಳುತ್ತದೆ ಎಂದುಕೊಂಡಿರುತ್ತೇವೆ. ಅದು ಎದುರಿಗೆ ಕುಳಿತವರ ಮಾತನ್ನೇ ಹೆಚ್ಚು ಕೇಳುತ್ತದೆಂದು ನನಗೆ ಗೊತ್ತಾದದ್ದು ಆಗ.

ತಂತಿ ಎಳೆಯುವ ಮೊದಲು ತೀರ್ಮಾನವಾಗಲಿ ಎಂದು ಭಾನುವಾರ ತೋಪಿನ ಅಂಚಿನ ಹೊಂಗೆಮರದ ಕೆಳಗೆ ಊರಿನ ನಾಲ್ಕಾರು ಜನ ಸೇರಿದರು. ಇಬ್ಬರಿಗೂ ಬೇಕಾದ ಹಿರಿಯರು ಹನುಮಂತಪ್ಪ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಹೇಳಮ್ಮ, ನೀವು ಮೊದಲು ಬಂದಾಗ ಇಲ್ಲಿ ದಾರಿ ಇತ್ತಾ, ಇರ್ಲಿಲ್ವಾ?"

ಒಂದು ಕಡೆ ಕೈ ಮುರಿದುಕೊಂಡಿದ್ದ ಹೆಂಗಸು, ಇನ್ನೊಂದು ಕಡೆ ಹೊಲ ಹೋಳಾಗುವ ಭಯದ ಗಂಡಸು; ಇಬ್ಬರೂ ಸುಳ್ಳುಗಾರರಲ್ಲ. ಕೊನೆಗೆ ನನಗೆ ಖಂಡಿತವಾಗಿ ಗೊತ್ತಿದ್ದುದನ್ನಷ್ಟೇ ಹೇಳಿದೆ: "ದಾರಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆವತ್ತು ನಾನು ತೋಪಿನೊಳಗೆ ದಾರಿ ತಪ್ಪಿದ್ದೆ. ಹೊರಗೆ ಬಂದಾಗ ಮನೆ ಕಾಣಿಸಿತು, ಅತ್ತ ಓಡಿದೆ, ಕಾಲ ಕೆಳಗೆ ನೋಡಲಿಲ್ಲ. ಎದುರಿಗೆ ನಂಜಮ್ಮ ಹಾಲಿನ ಕ್ಯಾನು ಹಿಡಿದು ಬರ್ತಾ ಇದ್ದರು. ಅಷ್ಟೇ."

"ಕೇಳಿದ್ರಾ, ಆವಾಗ್ಲೂ ನಾನು ಇಲ್ಲೇ ಬರ್ತಿದ್ದೆ!" ಎಂದಳು ನಂಜಮ್ಮ.

"ಗೊತ್ತಿಲ್ಲ ಅಂದ್ರಲ್ಲ ಅವರು!" ಎಂದ ಮಂಜುನಾಥ.

ನನ್ನ ಒಂದೇ ಮಾತನ್ನು ಎರಡು ಹೋಳು ಮಾಡಿ ಇಬ್ಬರೂ ಹಂಚಿಕೊಂಡರು. ಹನುಮಂತಪ್ಪ, "ಮಂಜ, ದಾರಿ ಮಾತು ಬಿಡು. ನಿಮ್ಮ ಚಿಕ್ಕವ್ವ ಮತ್ತೆ ಹಳ್ಳಕ್ಕೆ ಬಿದ್ರೆ ಎತ್ತೋಕ್ ಹೋಗೋನು ಯಾರ್ಲಾ? ನೀನೇ ತಾನೆ?" ಎಂದರು. ತಂತಿ ಎಳೆಯುವಾಗ ಮಂಜುನಾಥ ಬದುವಿನ ಎರಡೂ ತುದಿಯಲ್ಲಿ ಎರಡೆರಡು ಕಂಬಗಳ ನಡುವೆ ಸಂದು ಬಿಟ್ಟ. ಕ್ಯಾನು ಹಿಡಿದ ಒಬ್ಬ ಹೆಂಗಸು ದಾಟಬಹುದು, ಗಾಡಿ ದಾಟಲಾಗದು, ಅಷ್ಟೇ ಅಗಲ. ನಂಜಮ್ಮ ಸಂತೋಷವನ್ನೂ ತೋರಿಸದೆ, ಬೇಡವೆಂದೂ ಅನ್ನದೆ, ಮಾರನೆಯ ಬೆಳಿಗ್ಗೆಯಿಂದ ಅದರಲ್ಲೇ ಓಡಾಡತೊಡಗಿದಳು.

ನನ್ನ ವಿಚಾರ ಮಾತ್ರ ಯಾರೂ ಎತ್ತಲಿಲ್ಲ. ಆ ಸಂದು ನನಗೂ ಇದೆಯೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಂಜಮ್ಮ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು, ಮಂಜುನಾಥನ ಬೈಕು ನನ್ನನ್ನು ಕಂಡರೂ ವೇಗ ಕಡಿಮೆ ಮಾಡುತ್ತಿರಲಿಲ್ಲ. ನಿಜ ಹೇಳಿ ಇಬ್ಬರನ್ನೂ ಕಳೆದುಕೊಂಡೆನೋ, ನಿಜವೆಂದುಕೊಂಡು ಜಾರಿಕೊಂಡೆನೋ? ಡಾಂಬರು ರಸ್ತೆಯಲ್ಲಿ, ಟಿಪ್ಪರುಗಳ ಧೂಳಿನಲ್ಲಿ ಓಡುತ್ತಾ ಇದನ್ನೇ ಅರೆಯುತ್ತಿದ್ದೆ. ಆ ರಸ್ತೆ ರಸ್ತೆಯೇ ಹೌದು, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಒಂದು ದಿನವೂ ಅಲ್ಲಿ ಓಡಿದ ಖುಷಿ ಆಗಲಿಲ್ಲ.

ಮುಂಗಾರು ಶುರುವಾದ ಮೇಲೆ ಒಂದು ಸಂಜೆ ಮಂಜುನಾಥನೇ ನನ್ನ ಪಕ್ಕ ಬೈಕು ನಿಲ್ಲಿಸಿದ.

"ಯಾಕ್ ಟೀಚರಮ್ಮ, ನಮ್ ಕಡೆ ಬರೋದೇ ಬಿಟ್ಬಿಟ್ರಿ?"

"ನೀವೇ ತಾನೆ ಬರಬೇಡಿ ಅಂದದ್ದು?"

"ಅದು ತಂತಿ ಎಳೆಯೋವಾಗ." ಹ್ಯಾಂಡಲ್ಲಿನ ಮೇಲೆ ಕೈಯಾಡಿಸುತ್ತಾ ಅವನು ತಡೆದು ಹೇಳಿದ: "ಚಿಕ್ಕವ್ವ ಒಬ್ಳೇ ಓಡಾಡ್ತಾಳೆ. ಮಳೆ ಬಿದ್ದು ಹುಲ್ಲು ಎತ್ತರ ಬಂದೈತೆ, ಹಾವು ಗೀವು ಇದ್ರೆ ಕಾಣಲ್ಲ. ಇನ್ನೊಂದ್ ಜೊತೆ ಕಾಲು ಓಡಾಡಿದ್ರೆ ಒಳ್ಳೇದು." ಬೈಕು ಒದ್ದು ಶುರುಮಾಡಿ, ಹೊರಟವನು ಮತ್ತೆ ತಿರುಗಿ, "ಆದ್ರೆ ದಾರಿ ಅಂತ ಮಾತ್ರ ಅನ್ಬೇಡಿ" ಎಂದ.

ಮಾರನೆಯ ಬೆಳಿಗ್ಗೆ ಏರಿ ಇಳಿದು, ತೋಪು ದಾಟಿ, ಆ ಎರಡು ಕಂಬಗಳ ಮುಂದೆ ನಿಂತೆ. ಇದನ್ನು ಏನೆಂದು ಕರೆದು ಕಾಲಿಡಲಿ? ಬದುವೆಂದರೆ ನಂಜಮ್ಮನಿಗೆ ದ್ರೋಹ, ದಾರಿಯೆಂದರೆ ಮಂಜುನಾಥನಿಗೆ. ಕನ್ನಡದ ಮೇಡಂ ನಾನು, ಮೂರನೆಯದೊಂದು ಪದ ಹೊಳೆಯದೆ ಹಾಗೇ ನಿಂತಿದ್ದಾಗ, ಡೈರಿಯಿಂದ ಬರಿದಾದ ಕ್ಯಾನು ಹಿಡಿದು ವಾಪಸಾಗುತ್ತಿದ್ದ ನಂಜಮ್ಮನ ದನಿ ಬೆನ್ನ ಹಿಂದೆ ಕೇಳಿಸಿತು:

"ಹಿಂಗೆ ಅಡ್ಡ ನಿಂತ್ರೆ ಹೆಂಗೆ ಟೀಚರಮ್ಮ? ಓಡಂಗಿದ್ರೆ ಓಡಿ, ಹಿಂದೆ ನಾನ್ ಬರ್ಬೇಕು."