ಗಾಜಿನ ಬೀರುವಿನ ಕೈಬಾಂಬುಗಳು

ನನ್ನ ಗಂಡನಿಗೆ ಹಳೆಯ ಕೈಬಾಂಬು ಕೂಡಿಡುವ ಹುಚ್ಚಿತ್ತು ಎಂದರೆ ಈಗಲೂ ಜನ ನನ್ನನ್ನೇ ಒಂದು ತರಹ ನೋಡುತ್ತಾರೆ. ಎಲ್ಲವೂ ಒಳಗೆ ಮದ್ದಿಲ್ಲದ ಬರೀ ಚಿಪ್ಪುಗಳು. ಮೊದಲನೇ ಮಹಾಯುದ್ಧದ ಆರಂಭದ ಕಾಲದವು. ಆ ಯುದ್ಧ ಕೀನ್ಯಾದ ನೆಲದಲ್ಲೂ ನಡೆದಿತ್ತೆಂದು ನೈರೋಬಿಗೆ ಬರುವತನಕ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅವರು ಅಲ್ಲಿ ಗುಜರಾತಿಗಳ ಡಬ್ಬಿ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್. ಒಮ್ಮೆ, ಆ ಯುದ್ಧ ನಡೆದ ವೋಯ್ ಊರಿನ ಕಡೆ ಹೋದಾಗ ರಸ್ತೆ ಬದಿಯ ಅಂಗಡಿಯಲ್ಲಿ, ಮರದ ಜಿರಾಫೆಗಳ ನಡುವೆ, ಬೀಡುಕಬ್ಬಿಣದ ಒಂದು ಗುಂಡು ಕಂಡಿತು. ಅಲ್ಲಿಂದ ಶುರು. ಸೈನ್ಯದಿಂದ ನಿವೃತ್ತರಾದ ಪರಿಚಿತರೊಬ್ಬರು ನೋಡಿ, ಏನೂ ಇಲ್ಲವೆಂದು ಖಚಿತಪಡಿಸಿದ ಮೇಲೆಯೇ ಪ್ರತಿಯೊಂದೂ ಮನೆಯೊಳಗೆ ಬರುತ್ತಿತ್ತು.

ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ನನ್ನ ಪಿಂಗಾಣಿ ಕಪ್ಪುಗಳು ಮೇಲಕ್ಕೆ ಹೋದವು, ಕೆಳಗಿನ ಜಾಗ ಅವಕ್ಕಾಯಿತು. ಒಂದಕ್ಕೆ ಬೆತ್ತದ ಹಿಡಿ. ಎಸೆದಾಗ ಮೂತಿ ಮುಂದಾಗಿ ಬೀಳಲೆಂದು ಅದಕ್ಕೆ ಬಟ್ಟೆಯ ಬಾಲವೂ ಇರುತ್ತಿತ್ತಂತೆ. ಆದರೆ ಅವರ ಪ್ರಾಣವೆಲ್ಲ ಇದ್ದದ್ದು ಮುಥೈಗಾ ಬಡಾವಣೆಯ ಹಳೇ ಬಂಗಲೆಯೊಂದರ ಹರಾಜಿನಲ್ಲಿ ಸಿಕ್ಕ ತುಕ್ಕು ಡಬ್ಬಿಯ ಮೇಲೆ. ಅದು ಏನೆಂದು ಅಲ್ಲಿ ಬೇರೆ ಯಾರಿಗೂ ಗೊತ್ತಾಗಿರಲಿಲ್ಲ.

"ಇಲ್ನೋಡೇ," ಎಂದು ಅಡುಗೆಮನೆಗೇ ತಂದಿದ್ದರು. "ಈ ಸೀಮ್ ಮಷೀನ್‌ದಲ್ಲ, ಕೈ ಬೆಸುಗೆ. ಮುಚ್ಚಳದ ಮಧ್ಯ ತೂತು ಇದ್ಯಲ್ಲ, ಅದು ಬತ್ತಿಗೆ. ಸರಿಯಾದ ಬಾಂಬ್ ಕೈಗೆ ಸಿಗೋಕ್ ಮುಂಚೆ ಸೋಲ್ಜರ್ಸು ಜಾಮ್ ಡಬ್ಬೀಲೇ ಮಾಡ್ಕೊಂಡಿದ್ರು. ತಗಡು ನೋಡು, ತುಕ್ಕು ಹಿಡಿದು ಪುಡಿಯಾಗತ್ತೆ. ಅದಕ್ಕೇ ಸಿಗೋದೇ ಇಲ್ಲ."

"ಡಬ್ಬಿ ಮಾಡಿ ಮಾಡಿ ಸಾಲ್ದೂಂತ ಇದು ಬೇರೆನಾ?" ಎಂದೆ. ಮಗುವಿನ ಹಾಗೆ ನಕ್ಕರು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬೇಸಿನ್ ಹಿಡಿದುಕೊಂಡೇ ಕುಸಿದರು. ಸ್ಟ್ರೋಕ್. ಬಲಗೈ ಹೋಯಿತು, ಮಾತು ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಬರೀ ಉಸಿರು. ನೀರು ಎಂಬ ಮಾತು ಬರಲಿಲ್ಲ, ಅನ್ನ ಎಂಬುದು ಬರಲಿಲ್ಲ, ನನ್ನ ಹೆಸರೂ ಬರಲಿಲ್ಲ. ಮನೆಗೆ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್, ಅಲ್ಲಿಯ ಕಿಕುಯು ಜನಾಂಗದ ಹೆಂಗಸು, ಅವರಿಗೆ ಪ್ರೀತಿಯ ವಸ್ತು ಏನಾದರೂ ಇದ್ದರೆ ಕೈಗೆ ಕೊಟ್ಟು ನೋಡಿ ಎಂದರು. ನಾನು ಬೀರು ತೆಗೆದೆ.

ದಿನಾ ಕಾಫಿಯಾದ ಮೇಲೆ ಒಂದೊಂದನ್ನೇ ಅವರ ಎಡಗೈಗೆ ಇಡುತ್ತಿದ್ದೆ. ಬಹಳ ದಿನ ಏನೂ ಆಗಲಿಲ್ಲ. ಒಂದು ದಿನ ಹೆಬ್ಬೆರಳು ಹಿಡಿಯ ಮೇಲೆ ಓಡಾಡುತ್ತಿದ್ದಂತೆ "ಬೆ... ಬೆತ್ತ" ಎಂದರು. ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ. ಆಮೇಲೆ ಹಿತ್ತಾಳೆ ಬಂತು, ತಗಡು ಬಂತು. ದಿನವಿಡೀ ಇಂಗ್ಲಿಷಿನಲ್ಲಿ ಕೆಲಸ ಮಾಡಿದವರಿಗೆ ಮರಳಿ ಬಂದದ್ದು ಕನ್ನಡ.

ಕೆಲಸ ಹೋಗಿತ್ತು, ಅದೇ ಬಡಾವಣೆಯಲ್ಲಿ ಸಣ್ಣ ಫ್ಲಾಟಿಗೆ ಹೊರಟೆವು. ಸಾಮಾನು ಹೊರುವವರಲ್ಲಿ ಒಬ್ಬ ಪೆಟ್ಟಿಗೆಯೊಳಗೆ ಕೈಬಾಂಬುಗಳನ್ನು ಕಂಡು ಗಾಬರಿಯಾಗಿ ಪೊಲೀಸರಿಗೆ ಹೇಳಿದ. ಅವನನ್ನು ಬೈಯಲಾರೆ. ನಡು ಪೇಟೆಯಲ್ಲೇ ಬಾಂಬು ಸಿಡಿದು ನೂರಾರು ಜನ ಸತ್ತದ್ದನ್ನು ಆ ಊರು ಕಣ್ಣಾರೆ ನೋಡಿತ್ತು.

ಬಂದ ಅಧಿಕಾರಿ ವಯಸ್ಸಾದವರು, ಸೌಮ್ಯ ಮಾತು. ಒಂದೊಂದನ್ನೂ ತೋರಿಸಿ ನಾನು ವಿವರಿಸಿದೆ. ಅವರು ಕೇಳಿದ್ದನ್ನೇ ಮತ್ತೆ ಕೇಳಿದರು: ಒಳಗೆ ಏನೂ ಇಲ್ಲವೆಂಬುದಕ್ಕೆ ಕಾಗದ ಇದೆಯೇ? ಕಾಗದ ಇರಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಕೋಲೂರಿ ಎದ್ದರು. ಮುಖವೆಲ್ಲ ಬೆವರು.

"ಖಾಲಿ," ಎಂದರು. "ಖಾ... ಖಾಲಿ. ಖಾಲಿ."

ಯಾರೂ ಹೇಳಿಕೊಡದೆ, ಕೈಯಲ್ಲಿ ಏನೂ ಇಲ್ಲದೆ, ತಾವಾಗಿಯೇ ಆಡಿದ ಮೊದಲ ಮಾತು. "ಏನನ್ನುತ್ತಾರೆ?" ಎಂದು ಅಧಿಕಾರಿ ಕೇಳಿದರು. ಹೇಳಿದೆ. ಅವರು ಟೋಪಿ ತೆಗೆದು, "ಪೋಲೆ, ಮಾಮಾ," ಎಂದು ಸ್ವಾಹಿಲಿಯಲ್ಲಿ ಸಮಾಧಾನ ಹೇಳಿದರು; ಮಾಮಾ ಎಂದರೆ ಅಲ್ಲಿ ತಾಯಿ. "ನಿಮ್ಮನ್ನು ನಂಬುತ್ತೇನೆ. ಆದರೂ ಇಲ್ಲಿ ಬಿಡಲಾಗದು," ಎಂದರು. ಮರಳು ತುಂಬಿದ ಪೆಟ್ಟಿಗೆಗಳಲ್ಲಿ ಇಟ್ಟು ಒಯ್ದರು. ಜಾಮ್ ಡಬ್ಬಿಯ ಒಂದು ಅಂಚು ಅಲ್ಲೇ ಉದುರಿತು.

ಹೊಸ ಮನೆಯಲ್ಲಿ ಚಮಚ ಕೊಟ್ಟೆ, ಲೋಟ ಕೊಟ್ಟೆ, ಅವರದೇ ಕೈಗಡಿಯಾರ ಕೊಟ್ಟೆ. ಮೆಲ್ಲಗೆ ಕೆಳಗಿಡುತ್ತಿದ್ದರು. ಕೊನೆಗೆ ನಾನೇ ಠಾಣೆಗೆ ಹೋಗಿ ಆ ಅಧಿಕಾರಿಯನ್ನು ಹುಡುಕಿದೆ. ಊರಾಚೆ ಬಯಲಿನಲ್ಲಿ ಎಲ್ಲವನ್ನೂ ನಾಶಮಾಡಿದ್ದಾಯಿತು ಎಂದರು.

"ಅವುಗಳಲ್ಲಿ ಏನಾದರೂ ಇತ್ತೇ?"

"ಇಲ್ಲ, ಮಾಮಾ," ಎಂದು ಮೇಜು ನೋಡಿದರು. "ಏನೂ ಇರಲಿಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎಡಗೈಯಲ್ಲಿ ನನ್ನ ಕೈ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಥೆರಪಿಸ್ಟ್ ಬಂದರೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಏಪ್ರಿಲ್ ಮಳೆ ಹಿಡಿಯುವ ಮುಂಚೆ ಇನ್ನೊಂದು ಸ್ಟ್ರೋಕ್ ಆಗಿ ಹೋದರು. ಅವರ ಬಾಯಿಂದ ನಾನು ಕೊನೆಯದಾಗಿ ಕೇಳಿದ ಮಾತು ಪೊಲೀಸಿನವರಿಗೆ ಹೇಳಿದ್ದು. ನನಗೆಂದು ಏನಾದರೂ ಬಾಯಿಗೆ ಬರುತ್ತಿತ್ತೋ ಏನೋ, ಇನ್ನೊಂದಷ್ಟು ದಿನ ಸಿಕ್ಕಿದ್ದರೆ.